ಹಳೆಯ ಜಲವರ್ಣ ಚಿತ್ರ ಕೈಗೆ ಬಂದಾಗ: ರಾಜಕುಮಾರಿ ಮತಿಲ್ಡ್ ಹೆಸರಿನ ಚಿತ್ರವೊಂದನ್ನು ಓದುವ, ಉಳಿಸಿಕೊಳ್ಳುವ ಬಗೆ

ಫ್ರಾನ್ಸಿನ ಲಿಯಾನ್‌ನಲ್ಲಿ ನಮ್ಮ ಮನೆ ಹತ್ತಿರ ಭಾನುವಾರದ ಹೊತ್ತು ಹಳೇ ಸಾಮಾನಿನ ಸಂತೆ ಸೇರುತ್ತದೆ. ಮೂರು ವರ್ಷದ ಹಿಂದೆ ಅಲ್ಲಿ ನನಗೊಂದು ಜಲವರ್ಣ ಚಿತ್ರ ಸಿಕ್ಕಿತು. ಎರಡು ಅಂಗೈ ಜೋಡಿಸಿಟ್ಟಷ್ಟು ಅಗಲ. ಪಕ್ಕಕ್ಕೆ ಮುಖ ತಿರುಗಿಸಿದ ಹೆಂಗಸು, ಹೆಗಲ ಮೇಲೆ ಮಾಸಿದ ಕಂದು ಶಾಲು. ಕೆಳಗೆ ಬಲಗಡೆ ‘ಮತಿಲ್ಡ್’ ಎಂಬ ಸಹಿ, ಪಕ್ಕದಲ್ಲಿ 1863. ಮಾರುತ್ತಿದ್ದವರು ದನಿ ತಗ್ಗಿಸಿ, “ಇದು ರಾಜಕುಮಾರಿ ಬರೆದದ್ದು ಮದಾಂ, ನೆಪೋಲಿಯನ್ನನ ಅಣ್ಣನ ಮಗಳು” ಅಂದರು.

ಆಕೆ ಅಣ್ಣನ ಮಗಳಲ್ಲ, ತಮ್ಮನ ಮಗಳು. ಆ ತಪ್ಪು ಕಿವಿಗೆ ಬಿದ್ದಾಗಲೇ, ಕಥೆ ಬಿಟ್ಟು ಕಾಗದ ನೋಡಬೇಕು ಅನ್ನಿಸಿತು. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನೆಲ್ಲ ಕ್ರಮವಾಗಿ ಬರೆದಿದ್ದೇನೆ. ಹೊರದೇಶದಲ್ಲಿ ಇಂಥ ಚಿತ್ರ ಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ, ಊರಿನ ಅಟ್ಟದ ಮೇಲೆ ತಾತನ ಕಾಲದ ಚಿತ್ರ ಸಿಕ್ಕವರಿಗೂ ಬರುತ್ತದೆ.

ಮೊದಲು, ಈ ಮತಿಲ್ಡ್ ಯಾರು?

ಮತಿಲ್ಡ್ ಬೊನಪಾರ್ಟ್ ಹುಟ್ಟಿದ್ದು 1820ರಲ್ಲಿ, ಟ್ರಿಯೆಸ್ಟ್‌ನಲ್ಲಿ. ತಂದೆ ಜೆರೋಮ್, ನೆಪೋಲಿಯನ್ನನ ಕೊನೆಯ ತಮ್ಮ. 1840ರಲ್ಲಿ ರಷ್ಯಾದ ಭಾರೀ ಸಿರಿವಂತ ಅನಾತೋಲ್ ಡೆಮಿಡೋವ್ ಜೊತೆ ಮದುವೆ. ಅದು ಹೆಚ್ಚು ದಿನ ನಡೆಯಲಿಲ್ಲ. ಆಮೇಲೆ ಪ್ಯಾರಿಸ್ಸಿನ ಕೂರ್ಸೆಲ್ ಬೀದಿಯ ಮನೆಯಲ್ಲಿ ಆಕೆ ನಡೆಸಿದ ಕೂಟಕ್ಕೆ ಫ್ಲೊಬೇರ್, ಗೊಂಕೂರ್ ಸಹೋದರರು, ತೆಯೋಫಿಲ್ ಗೋತಿಯೆ, ತುರ್ಗೆನೆವ್ ಅವರಂಥ ಲೇಖಕರೆಲ್ಲ ಬರುತ್ತಿದ್ದರು. ಸಾಂತ್-ಬವ್ ಎಂಬ ವಿಮರ್ಶಕರು ಆಕೆಯನ್ನು ‘ಕಲೆಗಳ ಮಾತೆ’ ಎನ್ನುವ ಅರ್ಥ ಬರುವ ಹೆಸರಿನಿಂದ ಕರೆದರು. ಫ್ರೆಂಚ್ ಕ್ರಾಂತಿ ಆಗದೆ ಹೋಗಿದ್ದರೆ ನಾನು ಬೊನಪಾರ್ಟ್ ಮನೆತನದ ಊರಾದ ಅಜಾಕ್ಸಿಯೋ ಬೀದಿಯಲ್ಲಿ ಕಿತ್ತಳೆ ಮಾರಿಕೊಂಡಿರುತ್ತಿದ್ದೆ ಅಂತ ಆಕೆ ಹೇಳಿದ್ದ ಮಾತು ಇವತ್ತಿಗೂ ಓಡಾಡುತ್ತಿದೆ.

ಇಲ್ಲಿ ಒಂದು ಪದದ ಗೊಂದಲ ಬಿಡಿಸಿಕೊಳ್ಳಿ. ನಮಗೆ ಸಲೂನ್ ಅಂದರೆ ಕ್ಷೌರದ ಅಂಗಡಿ. ಅದೇ ಮೂಲದ ‘ಸಾಲೋನ್’ ಪದಕ್ಕೆ ಪ್ಯಾರಿಸ್ಸಿನಲ್ಲಿ ಎರಡು ಅರ್ಥ. ಒಂದು, ಮನೆಯ ದೊಡ್ಡ ಕೋಣೆಯಲ್ಲಿ ಸೇರುವ ಮಾತುಕತೆಯ ಕೂಟ. ಇನ್ನೊಂದು, ಸರ್ಕಾರ ನಡೆಸುತ್ತಿದ್ದ ಕಲಾ ಪ್ರದರ್ಶನ. ಮತಿಲ್ಡ್‌ಗೆ ಎರಡರ ಜೊತೆಗೂ ನಂಟಿತ್ತು. ಮನೆಯಲ್ಲಿ ಕೂಟ ನಡೆಸಿದರು. ಯೂಜೆನ್ ಜಿರೋ ಎಂಬ ಕಲಾವಿದರ ಹತ್ತಿರ ಚಿತ್ರ ಕಲಿತು, 1859ರಿಂದ 1867ರವರೆಗೆ ಪ್ರದರ್ಶನದಲ್ಲೂ ಜಲವರ್ಣ ಚಿತ್ರಗಳನ್ನು ಇಟ್ಟರು. 1904ರಲ್ಲಿ ತೀರಿಕೊಂಡರು.

ಈ ಹಿನ್ನೆಲೆ ಯಾಕೆ ಬೇಕು ಅಂದರೆ, ಆಗಿನ ಸಿರಿವಂತ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಪಿಯಾನೋ ಜೊತೆಗೆ ಜಲವರ್ಣವನ್ನೂ ಕಲಿಸುತ್ತಿದ್ದರು. ಅದೇ ರೀತಿಯ ಪಾಠ, ಅದೇ ರೀತಿಯ ಕಾಗದ, ಅದೇ ಶಾಲು ಹೊದ್ದ ಹೆಂಗಸು. ಮತಿಲ್ಡ್ ಎಂಬ ಹೆಸರೂ ಆಗ ಬಲು ಸಾಮಾನ್ಯ. ಬರೀ ಸಹಿ ನೋಡಿ ರಾಜಕುಮಾರಿ ಅನ್ನುವುದು, ಲಕ್ಷ್ಮೀ ಅಂತ ಸಹಿ ಇರುವ ಕಾಗದ ನೋಡಿ ಇದು ನಮ್ಮ ಲಕ್ಷ್ಮೀ ಅತ್ತೆಯದೇ ಅಂದ ಹಾಗೆ.

ಹಂತ 1: ಮುಟ್ಟುವ ಮೊದಲು ಫೋಟೋ

ಫ್ರೇಮಿನಲ್ಲಿದ್ದ ಹಾಗೇ ಮುಂದೆ, ಹಿಂದೆ, ನಾಲ್ಕೂ ಮೂಲೆಯ ಫೋಟೋ ತೆಗೆಯಿರಿ. ಆಮೇಲೆ ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಚಿತ್ರದ ಪಕ್ಕದಿಂದ, ಬೆಳಕು ಮೇಲ್ಮೈಯನ್ನು ಸವರಿದ ಹಾಗೆ ಬೀಳುವಂತೆ ಓರೆಯಾಗಿ ಹಿಡಿದು ಇನ್ನೊಂದು ಫೋಟೋ ತೆಗೆಯಿರಿ. ಕಾಗದದ ಉಬ್ಬು, ಮಡಿಕೆ, ಕೆರೆದ ಜಾಗ ಎಲ್ಲ ಎದ್ದು ಕಾಣುತ್ತದೆ. ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದಿಡಿ. ಮುಂದೆ ಹಳೇ ಕ್ಯಾಟಲಾಗ್ ಜೊತೆ ಹೋಲಿಸುವಾಗ ಬೇಕಾಗುತ್ತದೆ.

ಹಂತ 2: ಫ್ರೇಮ್ ಬಿಚ್ಚುವುದು

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಕೈ ತೊಳೆದು ಚೆನ್ನಾಗಿ ಒಣಗಿಸಿ. ಚಿತ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂದೆ ಅಂಟಿಸಿದ ಕಂದು ಕಾಗದವನ್ನು ಅಂಚಿನಲ್ಲಿ ಮಾತ್ರ ಬ್ಲೇಡಿನಿಂದ ಕೊಯ್ಯಿರಿ. ಅದರ ಮೇಲೆ ಚೀಟಿ, ಮುದ್ರೆ, ಸೀಸದ ಕಡ್ಡಿಯ ಬರಹ ಇದ್ದರೆ ಇಡೀ ಕಾಗದ ಉಳಿಸಿಕೊಳ್ಳಿ. ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆಯಿರಿ. ಅವನ್ನೂ ಒಂದು ಕವರಿನಲ್ಲಿ ಹಾಕಿಡಿ.

ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದರೆ ಬಣ್ಣ ಗಾಜಿನ ಜೊತೆ ಹೋಗುತ್ತದೆ. ಅದನ್ನು ಬಿಡಿಸುವುದು ಕಾಗದ ಸಂರಕ್ಷಣೆ ಕಲಿತವರ ಕೆಲಸ.

ನನ್ನ ಚಿತ್ರ ಅಂಟಿರಲಿಲ್ಲ. ಮೌಂಟ್, ಅಂದರೆ ಗಾಜಿನ ಕೆಳಗೆ ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು, ಎತ್ತಿದಾಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಶಾಲಿನ ಒಂದು ತುದಿ ಮೌಂಟಿನ ಕೆಳಗೆ ಹೋಗಿತ್ತು. ಬೆರಳಿನ ಅರ್ಧ ಅಗಲದಷ್ಟು ಜಾಗ. ಅಲ್ಲಿ ಬಣ್ಣ ಕಂದು ಅಲ್ಲ, ಗಾಢ ಕೆಂಪು. ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿತ್ತು. ಅಂದರೆ ನಾನು ಕಂದು ಶಾಲು ಅಂದುಕೊಂಡದ್ದು ಕೆಂಪು ಶಾಲು. ನೂರಾರು ತಿಂಗಳು ಬೆಳಕಿನಲ್ಲಿ ನಿಂತು ಹೀಗಾಗಿದೆ. ನೀವೂ ಫ್ರೇಮ್ ಬಿಚ್ಚಿದಾಗ ಮೊದಲು ನೋಡಬೇಕಾದದ್ದು ಈ ಮುಚ್ಚಿದ ಅಂಚನ್ನು. ಚಿತ್ರ ಬರೆದವರು ಇಟ್ಟ ನಿಜವಾದ ಬಣ್ಣ ಅಲ್ಲಿರುತ್ತದೆ.

ಹಂತ 3: ಕೈಯಿಂದ ಬರೆದದ್ದೋ, ಅಚ್ಚಾದದ್ದೋ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತೆಗೆದುಕೊಳ್ಳಿ. ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಕೆನ್ನೆಯ ಹಾಗೆ ಬಣ್ಣ ನಿಧಾನವಾಗಿ ತಿಳಿಯಾಗುವ ಜಾಗ ನೋಡಿ. ಸಣ್ಣ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು. ಕಲ್ಲಚ್ಚಿನಲ್ಲಿ ಬಣ್ಣದ ಚಿತ್ರ ಮುದ್ರಿಸುವ ವಿಧಾನಕ್ಕೆ ಎಂಗೆಲ್ಮನ್ ಎಂಬವರು 1837ರಲ್ಲೇ ಪೇಟೆಂಟ್ ಪಡೆದಿದ್ದರು. ಹಾಗಾಗಿ ಹಳೇದು ಅಂದ ಮಾತ್ರಕ್ಕೆ ಕೈಬರಹ ಅಂತ ಅಲ್ಲ. ಅಲ್ಲಿ ಚುಕ್ಕೆಗಳು ಒಂದೇ ಅಳತೆಯಲ್ಲಿ ಇರಬೇಕು ಅಂತಿಲ್ಲ, ಕೈಯಿಂದ ಇಟ್ಟ ಹಾಗೂ ಕಾಣಬಹುದು.

ನಿಜವಾದ ಜಲವರ್ಣದಲ್ಲಿ ನೀರು ನಿಂತು ಒಣಗಿದ ಕಡೆ ಅಂಚು ಗಾಢವಾಗಿರುತ್ತದೆ. ಬಣ್ಣದ ಪುಡಿ ಕಾಗದದ ಗುಂಡಿಗಳಲ್ಲಿ ಕೂತಿರುತ್ತದೆ. ಕೆಳಗೆ ಸೀಸದ ಕಡ್ಡಿಯ ಗೆರೆ ಇಣುಕುತ್ತದೆ. ನನ್ನ ಚಿತ್ರದಲ್ಲಿ ಮೂಗಿನ ಗೆರೆಯನ್ನು ಒಮ್ಮೆ ತಪ್ಪಾಗಿ ಎಳೆದು, ಒಂದು ಕೂದಲೆಳೆ ಒಳಕ್ಕೆ ತಂದಿದ್ದಾರೆ. ಇಂಥ ತಿದ್ದುಪಡಿ ಕಂಡರೆ ಸಮಾಧಾನ. ಅಚ್ಚಿನ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದೂ ಇರುತ್ತದೆ, ಅದಕ್ಕೇ ಬಣ್ಣದ ಜೊತೆ ಗೆರೆಯನ್ನೂ ನೋಡಿ.

ಹಂತ 4: ಕಾಗದವನ್ನು ಓದುವುದು

ಬಹಳ ಜನ ಸಹಿಯಿಂದ ಶುರುಮಾಡುತ್ತಾರೆ. ನಾನು ಕಾಗದದಿಂದ ಶುರುಮಾಡಿ ಅನ್ನುತ್ತೇನೆ. ಸಹಿಯನ್ನು ಯಾವತ್ತು ಬೇಕಾದರೂ ಸೇರಿಸಬಹುದು. ಕಾಗದ ಹುಟ್ಟಿದ ಕಾಲವನ್ನು ಬದಲಾಯಿಸಲು ಆಗುವುದಿಲ್ಲ.

ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಿನಿಂದ ಬಿಸಿಯಾಗದ ಎಲ್‌ಇಡಿ ಬೆಳಕು ಬೀಳುವ ಹಾಗೆ ಒಂದೆರಡು ನಿಮಿಷ ನೋಡಿ. ಒತ್ತೊತ್ತಾಗಿ ಗೆರೆಗಳು ಕಂಡರೆ ಅದು ತಂತಿಯ ಜಾಲರಿ ಮೇಲೆ ಮಾಡಿದ ಹಳೇ ಬಗೆಯ ಕಾಗದ. ಗೆರೆಯಿಲ್ಲದೆ ನಯವಾಗಿದ್ದರೆ ನೇಯ್ದ ಜಾಲರಿಯದ್ದು. ಎರಡನೆಯದನ್ನು 1750ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ವಾಟ್‌ಮನ್ ತಂದರು. ಜಲವರ್ಣದವರಿಗೆ ವಾಟ್‌ಮನ್ ಕಾಗದ ಅಂದರೆ ಅಚ್ಚುಮೆಚ್ಚು. ಅದರ ನೀರಚ್ಚಿನಲ್ಲಿ, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತಿನಲ್ಲಿ, ಎಷ್ಟೋ ಸಲ ಹೆಸರಿನ ಕೆಳಗೆ ಇಸವಿಯೂ ಇರುತ್ತದೆ. ಫ್ರಾನ್ಸಿನ ಅನೊನೆ ಊರಿನ ಕ್ಯಾನ್ಸನ್ ಕಾಗದವೂ ಹಳೇ ಚಿತ್ರಗಳಲ್ಲಿ ಸಿಗುತ್ತದೆ.

ನನ್ನದರ ಎಡ ಅಂಚಿನಲ್ಲಿ ವಾಟ್‌ಮನ್ ಹೆಸರಿನ ಕೊನೆಯ ನಾಲ್ಕು ಅಕ್ಷರ, ಕೆಳಗೆ 1861 ಕಂಡಿತು. ಕುಣಿದುಬಿಡುವಷ್ಟು ಖುಷಿಯಾಯಿತು. ಆದರೆ ಇದರಿಂದ ಗೊತ್ತಾಗುವುದು ಒಂದೇ: ಚಿತ್ರ 1861ಕ್ಕಿಂತ ಮೊದಲಿನದಲ್ಲ. ಅದೇ ಕಾಗದವನ್ನು ಇಪ್ಪತ್ತು ವರ್ಷ ಬಿಟ್ಟೂ ಯಾರೋ ಬಳಸಿರಬಹುದು. ವಾಟ್‌ಮನ್ ಹೆಸರನ್ನು ಬೇರೆ ಗಿರಣಿಯವರು ನಕಲು ಮಾಡಿದ್ದೂ ಉಂಟು. ಇನ್ನು ಹಾಳೆ ಕತ್ತರಿಸುವಾಗ ನೀರಚ್ಚು ಹೊರಗೇ ಹೋಗಿರುವುದು ಮಾಮೂಲು. ನೀರಚ್ಚು ಇಲ್ಲ ಅಂತ ಬೇಸರ ಬೇಡ.

ಕಾಗದ ಕಂದಾಗಿ, ಅಂಚು ಹಪ್ಪಳದ ಹಾಗೆ ಮುರಿಯುತ್ತಿದ್ದರೆ ಅದು ಮರದ ತಿರುಳಿನ ಕಾಗದ ಇರಬಹುದು. ಮರವನ್ನು ಅರೆದು ಕಾಗದ ಮಾಡುವುದು ಶುರುವಾದದ್ದೇ 1840ರ ದಶಕದಲ್ಲಿ, ಜಾಸ್ತಿಯಾದದ್ದು ಇನ್ನೂ ಆಮೇಲೆ. ಅದಕ್ಕೂ ಮೊದಲು ಹತ್ತಿ, ನಾರಿನ ಚಿಂದಿ ಬಟ್ಟೆಯೇ ಕಾಗದವಾಗುತ್ತಿತ್ತು. ಹಾಗಾಗಿ 1700ರ ಪುಸ್ತಕ ಬೆಳ್ಳಗಿರುತ್ತದೆ, 1900ರ ಪತ್ರಿಕೆ ಪುಡಿಯಾಗುತ್ತದೆ.

ಹಂತ 5: ನೇರಳಾತೀತ ಟಾರ್ಚ್ ಮತ್ತು ಬಣ್ಣಗಳು

365 ನ್ಯಾನೋಮೀಟರ್ ಟಾರ್ಚ್ ಅಂತ ಕೇಳಿದರೆ ಸಿಗುತ್ತದೆ. ಕತ್ತಲಲ್ಲಿ, ಕಣ್ಣಿಗೆ ಆ ಬೆಳಕು ತಡೆಯುವ ಕನ್ನಡಕ ಹಾಕಿಕೊಂಡು, ಕೆಲವೇ ಸೆಕೆಂಡು ಬೆಳಕು ಬಿಡಿ. ಇಡೀ ಕಾಗದ ಬಿಳಿ ಅಂಗಿಗೆ ನೀಲಿ ಹಾಕಿದ ಹಾಗೆ ಪಳಪಳ ನೀಲಿ ಹೊಳೆದರೆ, ಅದರಲ್ಲಿ ಹೊಳಪಿನ ರಾಸಾಯನಿಕ ಸೇರಿದೆ. ಕಾಗದಕ್ಕೆ ಅದನ್ನು ಸೇರಿಸುವುದು ವಾಡಿಕೆಯಾದದ್ದು 1950ರ ಸುಮಾರಿಗೆ. ಅಲ್ಲಿಗೆ 1863ರ ಕಥೆ ಮುಗಿಯಿತು. ಹಳೇ ಕಾಗದ ಸಾಮಾನ್ಯವಾಗಿ ಮಂಕಾಗಿ ಕಾಣುತ್ತದೆ.

ಬಣ್ಣಗಳೂ ಕಾಲ ಹೇಳುತ್ತವೆ. ಪ್ರಷ್ಯನ್ ನೀಲಿ 1700ರ ಮೊದಲ ದಶಕದ್ದು. ಕೃತಕ ಅಲ್ಟ್ರಾಮರೀನ್ ನೀಲಿಯನ್ನು ಗಿಮೆ ಎಂಬವರು 1820ರ ದಶಕದಲ್ಲಿ ಕಂಡುಹಿಡಿದರು. ಅವರೂ ನಮ್ಮ ಲಿಯಾನಿನವರೇ. ಜಲವರ್ಣಕ್ಕೆ ಹೇಳಿ ಮಾಡಿಸಿದ ಸತುವಿನ ಬಿಳಿ ‘ಚೈನೀಸ್ ವೈಟ್’ ಹೆಸರಲ್ಲಿ 1834ರಲ್ಲಿ ಬಂತು. ಟೈಟೇನಿಯಂ ಬಿಳಿ ಬಂದದ್ದು ಸುಮಾರು 1920ರಲ್ಲಿ, ಥ್ಯಾಲೋ ನೀಲಿ 1935ರಲ್ಲಿ. ಇವೆರಡು ಇದ್ದರೆ ಚಿತ್ರ ಹೊಸದು, ಇಲ್ಲವೇ ಯಾರೋ ತಿದ್ದಿದ್ದಾರೆ. ಇದನ್ನು ಕಣ್ಣಿನಿಂದ ಹೇಳಲಾಗದು, ಪ್ರಯೋಗಾಲಯಕ್ಕೆ ಹೋಗಬೇಕು. ಬೆಲೆಬಾಳುವ ಚಿತ್ರವಾದರೆ ಮಾತ್ರ ಆ ಖರ್ಚು ಮಾಡಿ.

ಬಿಳಿ ಇರಬೇಕಾದ ಕಡೆ, ಕಣ್ಣಿನ ಹೊಳಪಿನಲ್ಲೋ ಮುತ್ತಿನ ಸರದಲ್ಲೋ, ಕಪ್ಪು ಕಲೆ ಇದ್ದರೆ ಗಾಬರಿಯಾಗಬೇಡಿ. ಅದು ಸೀಸದ ಬಿಳಿ. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಕಪ್ಪಾಗಿರುತ್ತದೆ. ಕಲ್ಲಿದ್ದಲು ಉರಿಯುತ್ತಿದ್ದ ಊರುಗಳಲ್ಲಿ ಇದು ಸಾಮಾನ್ಯ. ಸಂರಕ್ಷಕರು ಇದನ್ನು ಮತ್ತೆ ಬಿಳಿ ಮಾಡಬಲ್ಲರು. ನೀವು ಕೆರೆಯಲು ಹೋಗಬೇಡಿ.

ಹಂತ 6: ಈಗ ಸಹಿ, ಆಮೇಲೆ ಹುಡುಕಾಟ

ಭೂತಗನ್ನಡಿಯಲ್ಲಿ ಸಹಿ ನೋಡಿ. ಚಿತ್ರದ ಬಣ್ಣದಲ್ಲೇ ಬರೆದಿದ್ದಾರೆಯೇ? ಕಾಗದದಲ್ಲಿ ಬಿರುಕು, ಕಲೆ ಇದ್ದರೆ ಸಹಿಯ ಶಾಯಿ ಅದರ ಒಳಗೆ ಹರಿದಿದೆಯೇ? ಹಳೇ ಬಿರುಕಿನೊಳಗೆ ಶಾಯಿ ಇಳಿದಿದ್ದರೆ ಸಹಿ ಆಮೇಲೆ ಬಂದದ್ದು.

ಆಗಿನ ಪ್ರದರ್ಶನದ ಪಟ್ಟಿಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗ್ಯಾಲಿಕಾ’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಚಿತ್ರದ ಸಂಖ್ಯೆ, ಹೆಸರು, ಕಲಾವಿದರ ಗುರು ಯಾರು ಎಂಬುದು ಅವುಗಳಲ್ಲಿದೆ. ರಾಜಕುಮಾರಿಯ ಹೆಸರಿನ ಜೊತೆ ‘ಎಸ್.ಎ.ಐ.’ ಎಂಬ ಮೂರು ಅಕ್ಷರ ಇರುತ್ತದೆ, ‘ಚಕ್ರವರ್ತಿ ಮನೆತನದವರು’ ಎನ್ನುವ ಗೌರವದ ಸೂಚನೆ. ಚಿತ್ರದ ಹಿಂದೆ ಸಣ್ಣ ಮುದ್ರೆ ಇದ್ದರೆ ಫ್ರಿಟ್ಸ್ ಲುಗ್ಟ್ ಎಂಬವರು 1921ರಲ್ಲಿ ತಂದ ಸಂಗ್ರಾಹಕರ ಮುದ್ರೆಗಳ ಕೋಶ ನೋಡಿ. ಅದೂ ಈಗ ಆನ್‌ಲೈನ್‌ನಲ್ಲಿದೆ.

ಹರಾಜಿನ ಕ್ಯಾಟಲಾಗ್ ಓದುವಾಗ ಪದಗಳನ್ನು ತೂಗಿ ನೋಡಿ. ಫ್ರಾನ್ಸಿನಲ್ಲಿ ಇದಕ್ಕೆ 1981ರ ಮಾರ್ಚ್ 3ರ ಸರ್ಕಾರಿ ಆದೇಶವೇ ಇದೆ. ಹೆಸರಿಗೆ ಮೊದಲು ‘ಅಟ್ರಿಬ್ಯುಎ ಆ’ ಇದ್ದರೆ, ಚಿತ್ರ ಆ ಕಲಾವಿದರ ಕಾಲದ್ದು, ಅವರೇ ಬರೆದಿರಬಹುದು ಎನ್ನಲು ಗಟ್ಟಿ ಕಾರಣಗಳಿವೆ ಅಂತ. ‘ದಾಪ್ರೆ’ ಅಥವಾ ‘ದಾಂ ಲ ಗೂ ದ’ ಇದ್ದರೆ ಕಲಾವಿದರು ಯಾರು, ಯಾವ ಕಾಲ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. ಒಂದು ಪದದ ವ್ಯತ್ಯಾಸದಲ್ಲಿ ಬೆಲೆ ಹತ್ತು ಪಟ್ಟು ಏರಿಳಿಯಬಹುದು. ಸಂತೆಯಲ್ಲಿ ಕೊಂಡರೂ ಮಾರಿದವರಿಂದ ಒಂದು ರಸೀದಿ ಬರೆಸಿಕೊಳ್ಳಿ.

ನಾನು ಒಂದು ಚಳಿಗಾಲವಿಡೀ ಪಟ್ಟಿಗಳನ್ನು ತಿರುವಿದೆ. ನನ್ನ ಹೆಂಗಸಿಗೆ ಹೊಂದುವ ಚಿತ್ರ ಒಂದೂ ಸಿಗಲಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ‘ಮತಿಲ್ಡ್ ಎಂಬ ಸಹಿ ಇದೆ, 1861ರ ನೀರಚ್ಚು.’ ಅಷ್ಟೇ. ರಾಜಕುಮಾರಿ ಎಂಬ ಪದವನ್ನು ಬರೆಯಲು ನನ್ನ ಹತ್ತಿರ ಆಧಾರ ಇಲ್ಲ. ಬೇರೊಬ್ಬ ಮತಿಲ್ಡ್ ಆಗಿದ್ದರೂ, ಆ ಮೂಗನ್ನು ತಿದ್ದಿದ ಕೈ ಚೆನ್ನಾಗಿ ನೋಡಬಲ್ಲ ಕೈಯೇ.

ಹಂತ 7: ಸ್ವಚ್ಛಗೊಳಿಸುವುದು, ಅಂದರೆ ಮಾಡಬಾರದ್ದು

ಒದ್ದೆ ಬಟ್ಟೆ ಬೇಡ, ಎಂಜಲು ಬೆರಳು ಬೇಡ, ಬ್ರೆಡ್ಡಿನ ಚೂರಿನಿಂದ ಉಜ್ಜುವ ಹಳೇ ಉಪಾಯ ಬೇಡ. ಈ ಬಣ್ಣ ಹಿಡಿದಿರುವುದು ಗೋಂದಿನಿಂದ. ನೀರು ತಾಗಿದರೆ ನೂರೈವತ್ತು ವರ್ಷದ ಮೇಲೂ ಕರಗುತ್ತದೆ. ತುಂಬಾ ಮೆತ್ತನೆ ಬ್ರಷ್ಷಿನಿಂದ ಹಿಂಬದಿಯ ಧೂಳು ಹೊಡೆಯಬಹುದು, ಅಷ್ಟೇ. ಕಂದು ಚುಕ್ಕೆಗಳಿಗೆ ಬ್ಲೀಚ್ ಹಚ್ಚುವ ವಿಡಿಯೋಗಳನ್ನು ದಯವಿಟ್ಟು ನೋಡಲೇಬೇಡಿ. ಸಂರಕ್ಷಕರು ಬೇಕಾದರೆ, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ.

ಹಂತ 8: ಮತ್ತೆ ಫ್ರೇಮ್ ಹಾಕಿಸುವುದು

ನನ್ನ ಮೊದಲ ಹಳೇ ಚಿತ್ರವನ್ನು ಫ್ರೇಮ್ ಅಂಗಡಿಗೆ ಕೊಟ್ಟು ಬಂದಿದ್ದೆ. ಸಣ್ಣ ನದಿಯ ಚಿತ್ರ ಅದು. ವಾಪಸ್ ಬಂದಾಗ ನೀಟಾಗಿ, ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಆಮೇಲೆ ತಿಳಿಯಿತು, ಇಡೀ ಬೆನ್ನಿಗೆ ಅಂಟು ಹಚ್ಚಿ ರಟ್ಟಿಗೆ ಒತ್ತಿಬಿಟ್ಟಿದ್ದರು. ಹಿಂದೆ ಇದ್ದ ಬರಹವೂ ಹೋಯಿತು. ಹೇಳದೆ ಕೊಟ್ಟದ್ದು ನನ್ನ ತಪ್ಪು. ಈಗ ಬರೆದುಕೊಟ್ಟೇ ಬರುತ್ತೇನೆ. ಏನು ಬರೆಯಬೇಕು ಅಂದರೆ:

ಮೌಂಟ್ ಮತ್ತು ಹಿಂದಿನ ಹಾಳೆ ಎರಡೂ ಹತ್ತಿಯ ನಾರಿನ, ಆಮ್ಲವಿಲ್ಲದ ಬೋರ್ಡ್ ಆಗಬೇಕು. ಚಿತ್ರವನ್ನು ಮೇಲಿನ ಅಂಚಿನಲ್ಲಿ ಎರಡೇ ಕಡೆ, ಜಪಾನಿ ಕಾಗದದ ಸಣ್ಣ ಪಟ್ಟಿಯಿಂದ ತೂಗುಹಾಕಬೇಕು. ಅಂಟು ಗೋಧಿ ಪಿಷ್ಟದ್ದು. ನಮ್ಮಲ್ಲಿ ಪೋಸ್ಟರಿಗೆ ಕುದಿಸುವ ಮೈದಾ ಅಂಟು ಅಲ್ಲ. ಮೈದಾದಲ್ಲಿ ಪಿಷ್ಟದ ಜೊತೆ ಬೇರೆ ಅಂಶಗಳೂ ಇರುತ್ತವೆ, ಹುಳಕ್ಕೆ ಅದು ಹಬ್ಬದೂಟ. ಸೆಲ್ಲೋಟೇಪ್, ಫೆವಿಕಾಲ್, ಬಿಸಿ ಇಸ್ತ್ರಿ ಯಾವುದೂ ಬೇಡ. ಗಾಜು ನೇರಳಾತೀತ ಕಿರಣ ತಡೆಯುವಂಥದ್ದು, ಚಿತ್ರಕ್ಕೆ ತಾಗಬಾರದು. ಮೌಂಟಿನ ದಪ್ಪವೇ ನಡುವೆ ಜಾಗ ಬಿಡುತ್ತದೆ.

ಕಾಗದ ಸ್ವಲ್ಪ ಅಲೆಅಲೆಯಾಗಿ ಕಂಡರೆ ಇರಲಿ ಬಿಡಿ. ಹವೆಗೆ ತಕ್ಕ ಹಾಗೆ ಹಿಗ್ಗಿ ಕುಗ್ಗಲು ಅದಕ್ಕೆ ಜಾಗ ಬೇಕು.

ಹಂತ 9: ಬೆಳಕಿನ ಲೆಕ್ಕ

ಆ ಕೆಂಪು ಶಾಲಿಗೆ ಆದದ್ದು ನಿಮ್ಮ ಚಿತ್ರಕ್ಕೆ ಆಗಬಾರದು ಅಂದರೆ ಇದನ್ನು ಗಮನವಿಟ್ಟು ಓದಿ. ಕಾರ್ಮೈನ್ ಕೆಂಪು, ನಮ್ಮ ದೇಶದಿಂದ ಹೋಗುತ್ತಿದ್ದ ಇಂಡಿಗೋ ನೀಲಿ, ಗ್ಯಾಂಬೋಜ್ ಹಳದಿ, ಇವೆಲ್ಲ ಬೆಳಕಿಗೆ ಸೋಲುವ ಬಣ್ಣಗಳು. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬವರು 1888ರಲ್ಲೇ ಪರೀಕ್ಷೆ ಮಾಡಿ ಇದನ್ನು ವರದಿಯಲ್ಲಿ ಬರೆದರು.

ಮ್ಯೂಸಿಯಂಗಳಲ್ಲಿ ಜಲವರ್ಣಕ್ಕೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡರೆ ಅಂದಾಜು ಸಿಗುತ್ತದೆ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ. 50 ಲಕ್ಸ್‌ನಲ್ಲಿ ದಿನಕ್ಕೆ 8 ಗಂಟೆ, 90 ದಿನ ಇಟ್ಟರೆ 36,000 ಲಕ್ಸ್-ಗಂಟೆ. ಕಿಟಕಿಯಿಂದ ನೇರ ಬೀಳುವ ಬಿಸಿಲು 50,000 ಲಕ್ಸ್ ದಾಟುವುದುಂಟು. ಅಂದರೆ ಮೂರು ತಿಂಗಳ ಬೆಳಕು ಒಂದು ಗಂಟೆಯೊಳಗೆ ಬಿದ್ದ ಹಾಗೆ. ನಾವು ಬಟ್ಟೆಯನ್ನೇ ನೆರಳಲ್ಲಿ ಒಣಗಿಸುತ್ತೇವೆ, ಅಲ್ವಾ?

ಕಿಟಕಿಯ ಎದುರು ಗೋಡೆ ಬೇಡ. ಕಿಟಕಿ ಇರುವ ಗೋಡೆಯೇ ವಾಸಿ, ಇಲ್ಲವೇ ನಡುಮನೆಯ ಓಣಿ. ವರ್ಷಕ್ಕೆ ಮೂರು ತಿಂಗಳು ತೂಗುಹಾಕಿ, ಉಳಿದ ಕಾಲ ಆಮ್ಲವಿಲ್ಲದ ಪೆಟ್ಟಿಗೆಯಲ್ಲಿಡಿ.

ಹಂತ 10: ಊರಿಗೆ ತರುವುದಾದರೆ

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವ ಶೇಕಡ 65 ದಾಟಿ ಹಾಗೇ ನಿಂತರೆ ಕಾಗದದ ಮೇಲೂ ಬರುತ್ತದೆ. ತೇವ ಅಳೆಯುವ ಸಣ್ಣ ಯಂತ್ರ ಒಂದು ಇಟ್ಟುಕೊಳ್ಳಿ, 50ರ ಆಸುಪಾಸು ಇದ್ದರೆ ಒಳ್ಳೆಯದು. ಇಂಥ ಊರಲ್ಲಿ, ಕಿಟಕಿ ಇದ್ದರೂ ಸರಿಯೇ, ಹೊರಗೋಡೆಗೆ, ಬಚ್ಚಲು ಗೋಡೆಗೆ ಚಿತ್ರ ಹಾಕಬೇಡಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಸಣ್ಣ ಕಾರ್ಕ್ ಚೂರು ಅಂಟಿಸಿ, ಹಿಂದೆ ಗಾಳಿ ಆಡಲಿ. ಪುಸ್ತಕಗಳ ಸಂದಿಯಲ್ಲಿ ಓಡಾಡುವ ಬೆಳ್ಳಿಬಣ್ಣದ ಹುಳಕ್ಕೆ ಕಾಗದದ ಗಂಜಿ ಬಲು ಇಷ್ಟ. ತಿಂಗಳಿಗೊಮ್ಮೆ ಫ್ರೇಮ್ ಇಳಿಸಿ ಹಿಂದೆ ನೋಡಿ. ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲೇ, ಸಿಲಿಕಾ ಜೆಲ್ ಜೊತೆ ಇಡುವುದು ಸುಲಭದ ದಾರಿ. ಜೆಲ್ ಚೀಲ ಚಿತ್ರಕ್ಕೆ ತಾಗದಿರಲಿ.

ಕಾನೂನಿನ ಮಾತೊಂದು. ಭಾರತದ 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಚಿತ್ರ ಪುರಾತನ ವಸ್ತು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಸುಮ್ನೆ ಅಮ್ಮನಿಗೆ ತೋರಿಸಿ ವಾಪಸ್ ತರುತ್ತೇನೆ ಅಂತ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ತರುವ ಮುಂಚೆಯೇ ಪುರಾತತ್ವ ಇಲಾಖೆಯವರನ್ನು ಕೇಳಿ, ಕಸ್ಟಮ್ಸ್‌ನಲ್ಲಿ ಘೋಷಿಸಿ. ಯುರೋಪಿನಿಂದ ಹೊರತರಲೂ ವಯಸ್ಸು, ಬೆಲೆ ನೋಡಿ ಪರವಾನಗಿ ಬೇಕಾಗಬಹುದು.

ನಾನು ಅಮ್ಮನಿಗೆ ಫೋಟೋ ಮಾತ್ರ ಕಳಿಸಿದೆ, ಮುಚ್ಚಿದ್ದ ಆ ಕೆಂಪು ತುದಿಯದ್ದು. ಚಿತ್ರ ಈ ವರ್ಷ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಓಣಿಯ ಗೋಡೆಯ ಮೇಲಿತ್ತು. ಮೊನ್ನೆ ಇಳಿಸಿ ಪೆಟ್ಟಿಗೆಗೆ ಹಾಕಿದೆ. ಮುಚ್ಚಳದ ಒಳಗೆ ಪೆನ್ಸಿಲಿನಿಂದ ತಾರೀಖು ಬರೆದೆ, ಅದರ ಕೆಳಗೆ ಮುಂದಿನ ಅಕ್ಟೋಬರ್ ಅಂತಲೂ ಬರೆದೆ.